ಹೊಸ ಪಿಕಪ್‌ನ ಗೇರ್ ತೊಂದರೆ: ಬಾಕ್ಸ್ ಬಿಚ್ಚಿಸುವ ಮುನ್ನ ಮಾಡಬೇಕಾದ್ದು

ಹೊಸ ಪಿಕಪ್‌ನ ಎರಡನೇ ಗೇರ್ ಕರಕರ ಎನ್ನತೊಡಗಿದಾಗ ಮಾಲೀಕರು ಮಾಡುವ ಮೊದಲ ಕೆಲಸ ಶೋರೂಮಿಗೆ ಫೋನ್ ಮಾಡುವುದು. ಅಲ್ಲಿ ಸಮಾಧಾನದ ಉತ್ತರ ಸಿಗದಿದ್ದರೆ ರಿಂಗ್ ರಸ್ತೆಯ ಪರಿಚಿತ ಮೆಕ್ಯಾನಿಕ್‌ನ ಬಳಿ ಹೋಗಿ ಗೇರ್‌ಬಾಕ್ಸ್ ಬಿಚ್ಚಿಸುವುದು ಎರಡನೆಯ ಕೆಲಸ. ಫೋನಿನಲ್ಲಿ ಹೇಳಿದ ದೂರಿಗೆ ಯಾವ ದಾಖಲೆಯೂ ಇರುವುದಿಲ್ಲ. ಹೊರಗೆ ಬಿಚ್ಚಿಸಿದ ಗೇರ್‌ಬಾಕ್ಸ್‌ಗೆ ವಾರಂಟಿ ಇರುವುದಿಲ್ಲ. ಆದ್ದರಿಂದ ದೋಷ ಯಾವ ಭಾಗದಲ್ಲಿದೆ ಎಂಬುದನ್ನು ಮಾಲೀಕರು ತಾವೇ ಅಂದಾಜು ಮಾಡಿಕೊಳ್ಳುವುದು ಹೇಗೆ, ಆ ದೋಷವನ್ನು ಅಧಿಕೃತ ಸರ್ವಿಸ್ ಕೇಂದ್ರದ ಕಾಗದದ ಮೇಲೆ ಬರೆಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ತೊಗರಿ, ಸಿಮೆಂಟ್, ಶಹಾಬಾದ್ ಕಲ್ಲು ಸಾಗಿಸುವ, 1.3 ಟನ್‌ನಿಂದ 2 ಟನ್ ಹೇರು ಹೊರುವ, ಐದು ಗೇರಿನ ಡೀಸೆಲ್ ಪಿಕಪ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ದೋಷ ಎಲ್ಲಿದೆ?

ಎಂಜಿನ್ನಿನ ಶಕ್ತಿ ಮೊದಲು ಕ್ಲಚ್‌ಗೆ, ಅಲ್ಲಿಂದ ಗೇರ್‌ಬಾಕ್ಸ್‌ಗೆ, ಅಲ್ಲಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಗಳ ನಡುವಿನ ಹೌಸಿಂಗ್‌ಗೆ ಹೋಗಿ ಚಕ್ರಗಳನ್ನು ತಿರುಗಿಸುತ್ತದೆ. ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಚಾಲಕನ ಬಾಯಲ್ಲಿ ಅದು ‘ಗೇರ್ ಪ್ರಾಬ್ಲಮ್’ ಆಗಿಬಿಡುತ್ತದೆ. ಹಾಗೆ ಹೇಳಿದರೆ ಸರ್ವಿಸ್ ಕೇಂದ್ರದವರೂ ಗೇರ್ ಎಣ್ಣೆ ನೋಡಿ, ಗಾಡಿ ತೊಳೆದು ಕಳುಹಿಸುತ್ತಾರೆ.

ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಚಾಲೂ ಮಾಡಿ ಕಿವಿಗೊಡಬೇಕು. ಕ್ಲಚ್ ಬಿಟ್ಟಾಗ ಕೇಳುವ ಗುಂಯ್ ಎಂಬ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸ್‌ನ ಮುಂದಿನ ಬೇರಿಂಗ್ ಮೇಲೆ ಅನುಮಾನ ಪಡಬಹುದು. ಇದಕ್ಕೆ ವಿರುದ್ಧವಾಗಿ, ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಬಹುಮಟ್ಟಿಗೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್‌ನದು. ಡೀಸೆಲ್ ಗಾಡಿಯಲ್ಲಿ ನ್ಯೂಟ್ರಲ್‌ನಲ್ಲಿದ್ದಾಗ ಹಗುರವಾದ ಗಡಗಡ ಸದ್ದು ಇರುವುದು ಸಹಜ. ಅದೇ ಮಾದರಿಯ ಇನ್ನೊಂದು ಗಾಡಿಯ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿ ನೋಡಿದರೆ ಈ ಗೊಂದಲ ಬಗೆಹರಿಯುತ್ತದೆ.

ಎರಡನೆಯದು ಕ್ಲಚ್ ಜಾರುವಿಕೆಯ ಪರೀಕ್ಷೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲ್ಕನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಕ್ಲಚ್ ಗಟ್ಟಿಯಾಗಿದ್ದರೆ ಎಂಜಿನ್ ತಕ್ಷಣ ಬಂದ್ ಆಗುತ್ತದೆ. ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು. ಅಕ್ಕಪಕ್ಕದವರಿಗೆ ತೋರಿಸಲೆಂದು ಮತ್ತೆ ಮತ್ತೆ ಮಾಡಿದರೆ ಒಳ್ಳೆಯ ಪ್ಲೇಟ್ ಕೂಡ ಸುಡುತ್ತದೆ. ರಸ್ತೆಯ ಮೇಲೆ ಇದೇ ದೋಷ ಬೇರೆ ರೂಪದಲ್ಲಿ ಕಾಣಿಸುತ್ತದೆ. ಕಲಬುರಗಿಯಿಂದ ಬೀದರ್‌ಗೆ ಹೋಗುವಾಗ ಗಾಡಿ ಒಟ್ಟಾರೆ ಸುಮಾರು 200 ಮೀಟರ್ ಎತ್ತರ ಏರಬೇಕಾಗುತ್ತದೆ; ಆ ದಾರಿಯ ಏರುಗಳಲ್ಲಿ ಎಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿದರೂ ವೇಗ ಏರದೆ, ಸುಟ್ಟ ವಾಸನೆ ಬಂದರೆ ಅದು ಗೇರ್‌ಬಾಕ್ಸ್ ದೋಷವಲ್ಲ, ಕ್ಲಚ್ಚಿನದು.

ಮೂರನೆಯದಾಗಿ, ನಿಂತ ಗಾಡಿಯಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತಿ, ಮೂರ್ನಾಲ್ಕು ಸೆಕೆಂಡ್ ಕಾದು, ರಿವರ್ಸ್ ಹಾಕಬೇಕು. ಎಷ್ಟೋ ಗಾಡಿಗಳ ರಿವರ್ಸ್‌ನಲ್ಲಿ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊ ಉಂಗುರ ಇರುವುದಿಲ್ಲ. ಆದ್ದರಿಂದ ಕಾಯದೆ ಹಾಕಿದರೆ ಅದು ಕಿರುಗುಟ್ಟುವುದು ಸಹಜ. ಕಾದ ಮೇಲೂ ಕಿರುಗುಟ್ಟಿದರೆ, ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನಿನಿಂದ ಪೂರ್ತಿ ಬೇರ್ಪಡುತ್ತಿಲ್ಲ ಎಂದರ್ಥ. ಕ್ಲಚ್ಚಿನ ಎಣ್ಣೆ ಕಡಿಮೆಯಾಗಿರಬಹುದು, ಕೊಳವೆಯಲ್ಲಿ ಗಾಳಿ ಸೇರಿರಬಹುದು, ಅಥವಾ ಪೆಡಲ್ ತಳದವರೆಗೆ ಹೋಗುತ್ತಿಲ್ಲದಿರಬಹುದು. ಈ ಕೊನೆಯ ಕಾರಣವನ್ನು ಯಾರೂ ನೋಡುವುದಿಲ್ಲ. ಹೊಸ ಗಾಡಿಗೆ ಅಂಗಡಿಯಿಂದ ತಂದು ಹಾಸಿದ ದಪ್ಪನೆಯ ಮ್ಯಾಟ್ ಪೆಡಲ್ ಕೆಳಗೆ ಸೇರಿಕೊಂಡು, ಎಲ್ಲ ಗೇರುಗಳೂ ಬಿಗಿಯಾದಂತೆ ಭಾಸವಾಗುವುದುಂಟು. ಮ್ಯಾಟ್ ತೆಗೆದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಈ ಮೂರೂ ಸರಿಯಿದ್ದು, ಒಂದೇ ಒಂದು ಗೇರ್ ಮಾತ್ರ ಕರಕರ ಎಂದರೆ ಆಗ ಸಂಶಯ ಆ ಗೇರಿನ ಸಿಂಕ್ರೊ ಉಂಗುರದ ಕಡೆಗೆ ತಿರುಗಬೇಕು. ಓಡುವಾಗ ಎಕ್ಸಿಲರೇಟರ್ ಬಿಟ್ಟೊಡನೆ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಹೊರಬೀಳುವುದು ಇದಕ್ಕಿಂತ ಗಂಭೀರ ದೋಷ. ಇಳಿಜಾರಿನಲ್ಲಿ ಹಾಗಾದರೆ ಎಂಜಿನ್ನಿನ ತಡೆ ತಪ್ಪಿಹೋಗಿ ಬ್ರೇಕಿನ ಮೇಲೆಯೇ ಪೂರ್ತಿ ಭಾರ ಬೀಳುತ್ತದೆಯಾದ್ದರಿಂದ, ಅಂಥ ಗಾಡಿಗೆ ಹೇರು ಹಾಕಬಾರದು. ಗೇರ್ ಬದಲಿಸಿ ಕ್ಲಚ್ ಬಿಟ್ಟಾಗ ಹಿಂದಿನಿಂದ ಠಣ್ ಎಂದು ಹೊಡೆತ ಕೇಳಿದರೆ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಶಾಫ್ಟ್ ಜೋಡಿಸುವ ಕೀಲು) ಅಥವಾ ಹೌಸಿಂಗ್ ನೋಡಿಸಬೇಕು.

ಬೀದರ್ ಕಡೆಯವರು ಒಂದು ವಿಷಯ ಗಮನಿಸಬೇಕು. ಡಿಸೆಂಬರ್‌ನ ಚಳಿಯ ಬೆಳಗಿನಲ್ಲಿ ಗೇರ್ ಎಣ್ಣೆ ಗಟ್ಟಿಯಾಗಿ, ಮೊದಲ ಎರಡು ಮೂರು ಕಿಲೋಮೀಟರ್ ಎರಡನೇ ಗೇರ್ ಬಿಗಿಯಾಗುವುದು ದೋಷವಲ್ಲ. ಬಿಸಿಯಾದ ಮೇಲೂ ಬಿಗಿಯೇ ಇದ್ದರೆ ದೋಷ.

ಹೇರಿನ ಪ್ರಶ್ನೆ

ಸರ್ವಿಸ್ ಕೇಂದ್ರಕ್ಕೆ ಹೋಗುವ ಮೊದಲು ಮಾಲೀಕರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ, ಏಕೆಂದರೆ ಅಲ್ಲಿ ಮೊದಲು ಕೇಳುವುದು ಅದನ್ನೇ: ಗಾಡಿಗೆ ಮಿತಿಗಿಂತ ಹೆಚ್ಚು ಹೇರು ಹಾಕಿದ್ದೇವೆಯೇ? 1.7 ಟನ್ ಸಾಮರ್ಥ್ಯದ ಪಿಕಪ್ ಎಂದರೆ 50 ಕಿಲೋದ 34 ಚೀಲ. ತೊಗರಿ ರಾಶಿಯ ದಿನಗಳಲ್ಲಿ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಹೊರಟ ಗಾಡಿಗೆ ಹಗ್ಗ ಬಿಗಿಯುವ ಹೊತ್ತಿಗೆ ಆ ಲೆಕ್ಕ 50 ಚೀಲ ಮುಟ್ಟಿದರೆ ಒಟ್ಟು ತೂಕ 2.5 ಟನ್ ಆಯಿತು. ಶಹಾಬಾದ್ ಕಲ್ಲಿನ ವಿಷಯದಲ್ಲಿ ಕಣ್ಣಿಗೆ ಇನ್ನೂ ಮೋಸವಾಗುತ್ತದೆ. ಹೇರು ತುಂಬುವ ಡಬ್ಬಿ ಅರ್ಧವೂ ತುಂಬದೆ ಕಂಡರೂ ತೂಕ ಮಿತಿ ದಾಟಿರುತ್ತದೆ. ಹೆಚ್ಚಿನ ಹೇರಿನೊಂದಿಗೆ ಗಾಡಿ ಎಬ್ಬಿಸಲು ಚಾಲಕನು ಅರ್ಧ ಕ್ಲಚ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಆಗ ಪ್ಲೇಟ್ ಉಜ್ಜಿ ಕಾದು ಅದರ ಮೇಲ್ಪದರ ಹೊಳಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿ ಎಬ್ಬಿಸುವುದರಿಂದಲೂ ಇದೇ ಆಗುತ್ತದೆ. ಹತ್ತು ನಿಮಿಷ ಹಾಗೆ ಒದ್ದಾಡುವುದಕ್ಕಿಂತ ಒಂದು ಟ್ರ್ಯಾಕ್ಟರ್ ಕರೆಸಿ ಎಳೆಸುವುದು ಅಗ್ಗ. ಕ್ಲಚ್ ಪ್ಲೇಟ್ ಸವೆಯುವ ವಸ್ತುವೆಂದು ವಾರಂಟಿಯಿಂದ ಸಾಮಾನ್ಯವಾಗಿ ಹೊರಗಿರುತ್ತದೆ ಅಥವಾ ಅಲ್ಪಾವಧಿಗೆ ಮಾತ್ರ ಒಳಪಟ್ಟಿರುತ್ತದೆ. ಗೇರ್‌ಬಾಕ್ಸ್ ಒಳಗಿನ ಭಾಗಗಳಿಗೆ ಹಾಗಲ್ಲ.

ಹೆಚ್ಚುವರಿ ಕಮಾನು ಪಟ್ಟಿ ಹಾಕಿಸುವುದು, ಡಬ್ಬಿಯ ಬದಿ ಎತ್ತರಿಸುವುದು ವಾರಂಟಿ ನಿರಾಕರಿಸಲು ಸರ್ವಿಸ್ ಕೇಂದ್ರದವರ ಕೈಗೆ ನಾವೇ ಕೊಡುವ ಕಾರಣಗಳು. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿಮೀರಿದ ಹೇರಿಗೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡವಿರುವುದು ಬೇರೆ ಮಾತು.

ಜಾಬ್ ಕಾರ್ಡಿನಲ್ಲಿ ಏನು ಬರೆಸಬೇಕು

“ಹೊಸಾ ಗಾಡಿ ಅದರಿ, ಗೇರ್ ಬಿಗಿ ಇರ್ತಾವ, ನಾಕ್ ದಿನಾ ಓಡಿದ ಮ್ಯಾಲ ತಾನೇ ಸೆಟ್ ಆಗ್ತದ.” ಸರ್ವಿಸ್ ಕೇಂದ್ರದಲ್ಲಿ ಈ ಮಾತು ಕೇಳದವರು ಕಡಿಮೆ. ಮೊದಲ ಸಾವಿರ ಸಾವಿರದೈನೂರು ಕಿಲೋಮೀಟರ್‌ವರೆಗೆ ಇದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಕರಕರ ಸದ್ದು, ಗೇರ್ ಹೊರಬೀಳುವುದು, ಎಣ್ಣೆ ಸೋರುವುದು ಎಷ್ಟು ಓಡಿಸಿದರೂ ‘ಸೆಟ್’ ಆಗುವ ಸಂಗತಿಗಳಲ್ಲ. ಸಿಂಕ್ರೊ ಉಂಗುರ ಸವೆದಷ್ಟೂ ಸದ್ದು ಹೆಚ್ಚುತ್ತದೆ, ಅಷ್ಟರಲ್ಲಿ ವಾರಂಟಿಯ ಕಾಲ ಕರಗುತ್ತದೆ.

ಆದ್ದರಿಂದ ಅವರು ಏನೇ ಹೇಳಲಿ, ಜಾಬ್ ಕಾರ್ಡ್ (ಗಾಡಿಯ ದೂರು, ಮಾಡಬೇಕಾದ ಕೆಲಸ ಬರೆಯುವ ಕಾಗದ) ತೆರೆಸದೆ ಹಿಂದಿರುಗಬಾರದು. ಅದರಲ್ಲಿ ‘ಜನರಲ್ ಚೆಕಪ್’ ಎಂದೋ ‘ಗೇರ್ ಹಾರ್ಡ್’ ಎಂದೋ ಬರೆಯಲು ಬಿಡದೆ, ಯಾವ ಗೇರ್, ಎಷ್ಟು ವೇಗ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಖಾಲಿಯಿದ್ದಾಗಲೋ ಹೇರಿದ್ದಾಗಲೋ, ಎಷ್ಟು ಕಿಲೋಮೀಟರ್ ಓಡಿದಾಗ ಮೊದಲು ಕಾಣಿಸಿತು ಎಂಬುದನ್ನು ನಮ್ಮ ಮಾತಿನಲ್ಲೇ ಬರೆಸಿ, ಅದರ ಪ್ರತಿ ಪಡೆಯಬೇಕು. ಉದಾಹರಣೆಗೆ: ‘3,200 ಕಿ.ಮೀ.ಯಿಂದ, ಗಾಡಿ ಬಿಸಿಯಾದ ನಂತರ, ಮೂರರಿಂದ ಎರಡಕ್ಕೆ ಇಳಿಸುವಾಗ, ಪ್ರತಿ ಸಲವೂ ಸದ್ದು.’ ಇಷ್ಟು ಬರೆದಿದ್ದರೆ ದುರಸ್ತಿ ಮಾಡುವವನಿಗೂ ಅನುಕೂಲ, ಮುಂದೆ ತಕರಾರು ಬಂದರೆ ನಮಗೂ ಅನುಕೂಲ.

ಖಾಲಿ ಗಾಡಿಯನ್ನು ಸರ್ವಿಸ್ ಕೇಂದ್ರದ ಸುತ್ತ ಒಂದು ಸುತ್ತು ಹಾಕಿಸಿ ‘ದೋಷ ಕಂಡುಬಂದಿಲ್ಲ’ ಎಂದು ಬರೆಯುವುದು ವಾಡಿಕೆ. ಹೇರಿದ್ದಾಗ ಮಾತ್ರ ಕಾಣುವ ದೋಷವಾದರೆ ಹೇರಿನೊಂದಿಗೇ ಗಾಡಿ ಒಯ್ಯಬೇಕು. ಹಾಗೆ ಒಯ್ಯುವಾಗ ದಾರಿಯ ವೇ ಬ್ರಿಡ್ಜ್‌ನಲ್ಲಿ ತೂಕ ಮಾಡಿಸಿ, ಹೇರು ಮಿತಿಯೊಳಗಿದೆ ಎಂದು ತೋರಿಸುವ ಚೀಟಿಯನ್ನು ಜಾಬ್ ಕಾರ್ಡಿನ ಜೊತೆ ಲಗತ್ತಿಸುವುದು ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕ್ರಿಯೆಯಲ್ಲೇ ಅತ್ಯಂತ ಉಪಯುಕ್ತ ಹೆಜ್ಜೆ; ಓವರ್‌ಲೋಡ್ ಎಂಬ ಆಕ್ಷೇಪಕ್ಕೆ ಅದಕ್ಕಿಂತ ನೇರವಾದ ಉತ್ತರ ಬೇರೆ ಇಲ್ಲ. ಓಡಿಸಿ ನೋಡುವಾಗ ಅಲ್ಲಿನ ತಂತ್ರಜ್ಞರ ಪಕ್ಕದಲ್ಲಿ ಕುಳಿತು, ಮೀಟರ್ ಕಾಣುವಂತೆ, ಸದ್ದು ಕೇಳುವಂತೆ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಬೇಕು.

ಗೇರ್ ಎಣ್ಣೆ ಬದಲಿಸಿದರೆ ಹಳೆಯ ಎಣ್ಣೆಯನ್ನು ನಮ್ಮೆದುರೇ ಇಳಿಸಲು ಕೇಳಬೇಕು. ಹೊಸ ಗಾಡಿಯ ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪುಡಿ ಅಂಟಿದ್ದರೆ ಆತಂಕ ಬೇಡ. ಉಗುರಿಗೆ ಸಿಗುವಂಥ ಚೂರುಗಳು ಇದ್ದರೆ ಒಳಗೆ ಏನೋ ಮುರಿದಿದೆ, ಫೋಟೊ ತೆಗೆದಿಟ್ಟುಕೊಳ್ಳಬೇಕು. ಯಾವ ಎಣ್ಣೆ ಹಾಕಬೇಕೆಂಬುದು ಗಾಡಿಯ ಕೈಪಿಡಿಯಲ್ಲಿದೆ. ಬಿಸಿಲಿಗೆ ದಪ್ಪ ಎಣ್ಣೆಯೇ ಒಳ್ಳೆಯದೆಂದು ನಮ್ಮ ಕಡೆ ಒಂದು ನಂಬಿಕೆಯಿದೆ. ಆದರೆ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ದಪ್ಪ ಎಣ್ಣೆ ಹಾಕಿದರೆ ಸಿಂಕ್ರೊ ನಿಧಾನವಾಗಿ, ಇಲ್ಲದ ತೊಂದರೆ ಹೊಸದಾಗಿ ಹುಟ್ಟುತ್ತದೆ.

ದಾರಿಯಲ್ಲೇ ಗೇರ್‌ಬಾಕ್ಸ್ ಕೈಕೊಟ್ಟರೆ, ಹಿಂದಿನ ಚಕ್ರಗಳು ನೆಲದ ಮೇಲೆ ಉರುಳುವಂತೆ ದೂರ ಎಳೆಸಬಾರದು. ಎಂಜಿನ್ ಬಂದ್ ಇದ್ದಾಗ ಗೇರ್‌ಬಾಕ್ಸ್ ಒಳಗೆ ಎಣ್ಣೆ ಚಿಮ್ಮುವುದಿಲ್ಲ. ಪ್ರೊಪೆಲ್ಲರ್ ಶಾಫ್ಟ್ ಕಳಚಿ ಎಳೆಸಬೇಕು, ಇಲ್ಲವೇ ಬೇರೆ ಗಾಡಿಯ ಮೇಲೆ ಹೇರಿ ತರಬೇಕು.

ಎರಡು ಮೂರು ಸಲ ಹೋದರೂ ಸರಿಯಾಗದಿದ್ದರೆ

ಒಂದೇ ದೋಷಕ್ಕೆ ಮೂರನೇ ಜಾಬ್ ಕಾರ್ಡ್ ಆದ ಮೇಲೆ ಡೀಲರ್ ಜೊತೆ ಮಾತಿನಲ್ಲೇ ಕಾಲ ಕಳೆಯುವುದರಲ್ಲಿ ಅರ್ಥವಿಲ್ಲ. ಎಲ್ಲ ಜಾಬ್ ಕಾರ್ಡುಗಳ ಪ್ರತಿಯೊಂದಿಗೆ ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೆ ಇ-ಮೇಲ್ ಕಳುಹಿಸಿ, ಕಂಪನಿಯ ತಾಂತ್ರಿಕ ಪ್ರತಿನಿಧಿ ಬಂದು ನೋಡಬೇಕೆಂದು ಕೇಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ದಾಖಲಿಸಬಹುದು. ಅದರಿಂದಲೂ ಆಗದಿದ್ದರೆ, ಡೀಲರ್ ಮತ್ತು ತಯಾರಕರು ಇಬ್ಬರಿಗೂ ನೋಟಿಸ್ ಕೊಟ್ಟು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು ಮುಂದಿನ ದಾರಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಗಾಡಿ ಕೊಂಡು ತಾವೇ ದುಡಿಸುವವರು ಗ್ರಾಹಕರೇ. ಈ ಮಾತನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಗಾಡಿಯನ್ನು ಎಲ್ಲೇ ಕೊಂಡಿರಲಿ, ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಪ್ರಕರಣ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. ಶುಲ್ಕ 5ರಿಂದ 10 ಲಕ್ಷದ ಗಾಡಿಗೆ 200, 10ರಿಂದ 20 ಲಕ್ಷದ ಗಾಡಿಗೆ 400 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.

ಹೊಸ ಗಾಡಿಯನ್ನೇ ಕೊಡಿಸಿರೆಂದು ಎಲ್ಲರೂ ಕೇಳುತ್ತಾರೆ. 2006ರಲ್ಲಿ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ದೋಷವಿರುವ ಭಾಗವನ್ನು ಬದಲಿಸುವ ಮಾತಿದ್ದರೆ ಇಡೀ ಕಾರನ್ನು ಬದಲಿಸುವಂತೆ ಆದೇಶಿಸಲಾಗದು ಎಂದಿತು. ಆದ್ದರಿಂದ ಗೇರ್‌ಬಾಕ್ಸ್ ಬದಲಾವಣೆ, ಗಾಡಿ ನಿಂತ ದಿನಗಳ ದುಡಿಮೆಯ ನಷ್ಟ, ದುರಸ್ತಿ ಖರ್ಚು, ಇವನ್ನು ಲೆಕ್ಕ ಸಮೇತ ಬಿಡಿಬಿಡಿಯಾಗಿ ಕೇಳುವುದು ಜಾಣತನ. ದೋಷ ತಯಾರಿಕೆಯದೇ ಎಂದು ಸಾಬೀತುಪಡಿಸಲು ತಜ್ಞರ ವರದಿ ಬೇಕಾಗುತ್ತದೆ. ಆ ತಪಾಸಣೆ ಮುಗಿಯುವವರೆಗೆ ಗಾಡಿಯನ್ನು ಮಾರಬಾರದು, ಹೊರಗೆ ಬಿಚ್ಚಿಸಬಾರದು; ಹಿಂದಿನ ದುರಸ್ತಿಗಳಲ್ಲಿ ಕಳಚಿದ ಹಳೆಯ ಉಂಗುರ, ಬೇರಿಂಗ್, ಪ್ಲೇಟುಗಳು ಕೈಗೆ ಬಂದಿದ್ದರೆ ಅವನ್ನು ಗುಜರಿಗೆ ಹಾಕದೆ, ತಾರೀಕು ಮತ್ತು ಜಾಬ್ ಕಾರ್ಡಿನ ನಂಬರ್ ಬರೆದ ಚೀಟಿಯೊಂದಿಗೆ ಒಂದು ಚೀಲದಲ್ಲಿ ಕಟ್ಟಿಡಬೇಕು.