ಮಡ್‌ಗಾರ್ಡ್ ಅಗಲವಾಯಿತು, ವೀಲ್ ಎಲ್ಲಿ ಕೂರಬೇಕು?

ಮೂರನೇ ಸುತ್ತು ಮುಗಿಸಿ ಭಾವ ಕಾರನ್ನು ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ತಂದು ನಿಲ್ಲಿಸಿದರು. ಹೆಲ್ಮೆಟ್ ತೆಗೆಯುವ ಮೊದಲೇ ಹೇಳಿದರು, "ಹಿಂದಿನ ಎಡಗಡೆ ಏನೋ ಸುಡ್ತಾ ಇದೆ ಕಣೋ, ಬೇಗ ನೋಡು." ನಾನು ಬಗ್ಗಿ ನೋಡಿದೆ. ಟೈರಿನ ಮೇಲೆ, ಅಗಲದ ಸುಮಾರು ಮುಕ್ಕಾಲು ಭಾಗದಲ್ಲಿ, ಸುತ್ತಲೂ ಒಂದು ಗೀರು. ಚಾಕುವಿನಿಂದ ಕೊರೆದ ಹಾಗೆ ನೇರವಾಗಿತ್ತು. ಇನ್ನೆರಡು ಸುತ್ತು ಹೋಗಿದ್ದರೆ ಟೈರ್ ಒಡೆಯುತ್ತಿತ್ತು.

ಇದು ನಡೆದದ್ದು ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೆ ಟ್ರ್ಯಾಕ್‌ನಲ್ಲಿ. ಕೋಲಾರದಿಂದ ಮುಳಬಾಗಿಲು, ಚಿತ್ತೂರು, ರಾಣಿಪೇಟೆ ದಾಟಿ ಕಾರನ್ನು ಟ್ರೇಲರ್ ಮೇಲೆ ತೆಗೆದುಕೊಂಡು ಹೋಗಿದ್ದೆವು. ಅವತ್ತು ಮಧ್ಯಾಹ್ನಕ್ಕೇ ವಾಪಸ್ ಹೊರಟೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಅಂಗಡಿಯಲ್ಲಿ ನಿಂತಾಗ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟು ಜಾಗ ಇತ್ತಲ್ಲ, ಹಾಗಾದರೆ ತಗುಲಿದ್ದು ಏನು?

ಟೇಕಲ್ ರಸ್ತೆಯಲ್ಲಿ ನನ್ನದೊಂದು ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ಇದೆ. ಟೊಮೆಟೊ ಸಾಗಿಸುವ ಪಿಕಪ್‌ಗಳು, ಟ್ಯಾಕ್ಸಿಗಳು, ಅವೇ ನನ್ನ ದಿನದ ಕೆಲಸ. ಕಾರು ಮಾತ್ರ ನನ್ನದೂ ಭಾವನದೂ ಸೇರಿ ತೆಗೆದುಕೊಂಡದ್ದು. ಹಳೆಯ ನಿಸ್ಸಾನ್ 370ಝಡ್. ಅದಕ್ಕೆ ಹಿಂದೆ ಒಂದೊಂದು ಕಡೆ 50 ಮಿ.ಮೀ., ಮುಂದೆ 40 ಮಿ.ಮೀ. ಹೊರಕ್ಕೆ ಬರುವ ಫೈಬರ್ ಫ್ಲೇರ್, ಅಂದರೆ ಮಡ್‌ಗಾರ್ಡನ್ನು ಅಗಲ ಮಾಡುವ ಹೊದಿಕೆ, ಹಾಕಿಸಿದೆವು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕಾರನ್ನು ನಾವು ರಸ್ತೆಯಲ್ಲಿ ಓಡಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟ ಅಳತೆಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಾಗಿ ಟ್ರೇಲರ್, ಟ್ರ್ಯಾಕ್, ಮತ್ತೆ ಅಂಗಡಿ. ಅಷ್ಟೇ ಅದರ ಓಡಾಟ.

ಆ ಮೊದಲ ಸಲ ನಾವು ಹೊಸ ವೀಲ್ ಕೊಂಡಿರಲಿಲ್ಲ. ಕಂಪನಿಯ 19 ಇಂಚಿನ ವೀಲ್‌ಗೇ ಹಿಂದೆ 40 ಮಿ.ಮೀ. ಸ್ಪೇಸರ್ (ಕಾರಿಗೂ ವೀಲ್‌ಗೂ ನಡುವೆ ಇಡುವ ದಪ್ಪ ಬಿಲ್ಲೆ) ಕೊಟ್ಟು ಹೊರಕ್ಕೆ ತಂದಿದ್ದೆವು. ನೋಡಲು ಚೆನ್ನಾಗಿಯೇ ಇತ್ತು. ಫ್ಲೇರಿನ ಅಂಚಿನೊಳಗೆ ಟೈರ್ ಅಚ್ಚುಕಟ್ಟಾಗಿ ಕೂತಿತ್ತು.

ವಾಪಸ್ ಬಂದು ಫ್ಲೇರ್ ಬಿಚ್ಚಿದಾಗ ಉತ್ತರ ಸಿಕ್ಕಿತು. ಫ್ಲೇರ್ ಅನ್ನುವುದು ಹೊರಗಿನ ಹೊದಿಕೆ ಮಾತ್ರ. ಅದರ ಹಿಂದೆ ಕಾರಿನ ಹಳೆಯ ಮಡ್‌ಗಾರ್ಡ್ ತಗಡು ಹಾಗೇ ಇತ್ತು, ಒಳಕ್ಕೆ ಮಡಿಸಿದ ಅಂಚಿನ ಸಮೇತ. ಕಾರು ನಿಂತಾಗ ಟೈರ್ ಆ ಅಂಚಿಗಿಂತ ಕೆಳಗಿರುತ್ತದೆ, ಏನೂ ಕಾಣುವುದಿಲ್ಲ. ಜೋರಾಗಿ ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಕ್ಕೆ ಬೀಳುತ್ತದೆ. ಸ್ಪ್ರಿಂಗ್ ಕುಗ್ಗಿ ಟೈರ್ ಮೇಲೇಳುತ್ತದೆ. ಮೊದಲು ಆ ಅಂಚಿನ ಒಳಗೇ ಏಳುತ್ತಿದ್ದ ಟೈರ್ ಈಗ 40 ಮಿ.ಮೀ. ಹೊರಗಿದೆ. ಸರಿಯಾಗಿ ಆ ಕಬ್ಬಿಣದ ಅಂಚಿಗೇ ಹೋಗಿ ಉಜ್ಜುತ್ತದೆ. ಫ್ಲೇರ್ ಹೊರಗೆ ಜಾಗ ತೋರಿಸುತ್ತದೆ, ಆದರೆ ಆ ಜಾಗ ಟೈರಿಗೆ ಸಿಗಬೇಕಾದರೆ ಒಳಗಿನ ತಗಡು ಹೋಗಬೇಕು.

ತಗಡು ಕತ್ತರಿಸುವುದು ಸಣ್ಣ ಮಾತಲ್ಲ. ಹಿಂದಿನ ಮಡ್‌ಗಾರ್ಡಿನಲ್ಲಿ ಹೊರ ತಗಡು, ಒಳ ತಗಡು ಅಂತ ಎರಡು ಇರುತ್ತವೆ. ಅಂಚಿನಲ್ಲಿ ಎರಡನ್ನೂ ಸೇರಿಸಿ ಬೆಸುಗೆ ಹಾಕಿರುತ್ತಾರೆ. ಸುಮ್ನೆ ಗ್ರೈಂಡರ್ ಹಿಡಿದು ಅಂಚು ಕೊಯ್ದರೆ ಎರಡೂ ಬಿಟ್ಟುಕೊಳ್ಳುತ್ತವೆ. ಬಾಡಿಯ ಗಟ್ಟಿತನ ಹೋಗುತ್ತದೆ, ನಡುವೆ ನೀರು ನುಗ್ಗಿ ತುಕ್ಕು ಹಿಡಿಯುತ್ತದೆ. ನಮ್ಮ ಟಿಂಕರಿಂಗ್ ಭಾಯ್ ಈ ಕೆಲಸವನ್ನು ತುಂಬಾ ಶ್ರದ್ಧೆಯಿಂದ ಮಾಡಿದರು. ಒಳ ತಗಡಿಗೆ ಎರಡೆರಡು ಇಂಚಿಗೆ ಸೀಳು ಕೊಟ್ಟು, ಅದನ್ನು ಹೊರಕ್ಕೆ ಬಡಿದು ಹೊರ ತಗಡಿಗೆ ಸೇರಿಸಿ, ಮತ್ತೆ ಬೆಸುಗೆ ಹಾಕಿದರು. ಮೇಲೆ ಸೀಲರ್, ಆಮೇಲೆ ಪ್ರೈಮರ್. ಎರಡು ಕಡೆಗೆ ನಾಲ್ಕು ದಿನ ಹಿಡಿಯಿತು. ಅಗಲ ಬಾಡಿ ಮಾಡಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅನ್ನುತ್ತೇನೆ: ಒಳಗಿನ ತಗಡು ಕತ್ತರಿಸಿ ಮತ್ತೆ ಬೆಸೆದಿದ್ದಾರಾ, ಅಥವಾ ಮೇಲಷ್ಟೇ ಫ್ಲೇರ್ ಅಂಟಿಸಿದ್ದಾರಾ?

ಇನ್ನು ವೀಲ್. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಕಷ್ಟದ ಲೆಕ್ಕ ಅಲ್ಲ.

ರಿಮ್ಮಿನ ಒಳಗೆ ಈಟಿ (ET) ಅಂತ ಎರಡಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದೇ ಆಫ್‌ಸೆಟ್. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್ಬಿಗೆ (ವೀಲನ್ನು ಬಿಗಿಯುವ ಕಾರಿನ ಭಾಗ) ತಾಗಿ ಕೂರುವ ರಿಮ್ಮಿನ ಮುಖ ಆ ಗೆರೆಯಿಂದ ಎಷ್ಟು ಹೊರಗಿದೆ ಅನ್ನುವುದೇ ಆ ಸಂಖ್ಯೆ. ಸಂಖ್ಯೆ ಕಡಿಮೆಯಾದಷ್ಟೂ ವೀಲ್ ಕಾರಿನಿಂದ ಹೊರಗೆ ಬರುತ್ತದೆ. ನಮ್ಮ ಕಾರಿನ ಹಿಂದಿನ ಕಂಪನಿ ರಿಮ್ 10 ಇಂಚು ಅಗಲ, ಈಟಿ 30. ಹತ್ತು ಇಂಚು ಅಂದರೆ 254 ಮಿ.ಮೀ., ಅರ್ಧ 127. ಅದರಲ್ಲಿ 30 ಕಳೆದರೆ 97, ಅದು ಹಬ್ ಮುಖದಿಂದ ಹೊರಗೆ. 30 ಕೂಡಿದರೆ 157, ಅದು ಒಳಗೆ. ಈ ಎರಡು ಸಂಖ್ಯೆ ಗೊತ್ತಿದ್ದರೆ ಯಾವ ವೀಲ್ ಆದರೂ ಎಲ್ಲಿ ಕೂರುತ್ತದೆ ಅಂತ ಕಾಗದದ ಮೇಲೇ ಹೇಳಬಹುದು. ಒಂದು ಎಚ್ಚರ. 10 ಇಂಚು ಅನ್ನುವುದು ಟೈರ್ ಕೂರುವ ಜಾಗದ ಅಳತೆ. ರಿಮ್ಮಿನ ತುಟಿ ಸೇರಿದರೆ ಎರಡೂ ಕಡೆ ಇನ್ನೂ 12–13 ಮಿ.ಮೀ. ಜಾಸ್ತಿ ಇರುತ್ತದೆ.

ಈಗ ಸ್ಪೇಸರ್ ಕಥೆ ನೋಡಿ. 40 ಮಿ.ಮೀ. ಕೊಟ್ಟಾಗ ಹೊರಗೆ 137 ಆಯಿತು, ಒಳಗೆ 117 ಉಳಿಯಿತು. ಅಂದರೆ ಒಳಗಡೆ 40 ಮಿ.ಮೀ. ಜಾಗ ಸುಮ್ನೆ ಖಾಲಿ. ಬಾಡಿ ಅಗಲ ಮಾಡಿಸಿದ್ದು ಅಗಲದ ಟೈರ್ ಹಾಕಲಿಕ್ಕೆ, ಅಲ್ವಾ? ನಾವು ಅದೇ ಟೈರನ್ನು ಹೊರಗೆ ತಳ್ಳಿ ಕೂರಿಸಿದ್ದೆವು. ಹಿಡಿತ ಒಂದು ಚೂರೂ ಜಾಸ್ತಿಯಾಗಲಿಲ್ಲ. ಬೇರಿಂಗ್ ಮೇಲಿನ ಎಳೆತ ಮಾತ್ರ ಜಾಸ್ತಿಯಾಯಿತು.

ಹಾಗಾಗಿ ಎರಡನೇ ಸಲ ಟೈರಿನಿಂದ ಶುರು ಮಾಡಿದೆ. ನಾನು ಟೈರ್ ಅಂಗಡಿಯವನು, ಮೊದಲೇ ಹಾಗೆ ಮಾಡಬೇಕಿತ್ತು. ರಿಮ್ ಎಷ್ಟು ಅಗಲದ್ದಾದರೂ ಮಾಡಿಸಿಕೊಳ್ಳಬಹುದು. ಟೈರ್ ಹಾಗಲ್ಲ, ಸಿಕ್ಕ ಸೈಜೇ ಸೈಜು. 12 ಇಂಚು ರಿಮ್ ಹಾಕಿ ಅದಕ್ಕೆ ತಕ್ಕ ಟೈರ್ ಸಿಗದೆ ಸಣ್ಣದನ್ನು ಎಳೆದು ಕೂರಿಸುವವರನ್ನು ನೋಡಿದ್ದೇನೆ. ಟೈರಿನ ಪಕ್ಕ ಇಳಿಜಾರಾಗಿ ನಿಲ್ಲುತ್ತದೆ. ಕೆಲವರಿಗೆ ಆ ನೋಟ ಇಷ್ಟ. ಟ್ರ್ಯಾಕ್‌ನಲ್ಲಿ ಭಾವ ಕೂರುವ ಕಾರಿಗೆ ನಾನಂತೂ ಅದನ್ನು ಒಪ್ಪುವುದಿಲ್ಲ.

ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 305/30 ಆರ್ 19 ಸಿಕ್ಕಿತು. ಅಂದರೆ ಟೈರಿನ ಅಗಲ 305 ಮಿ.ಮೀ., ಪಕ್ಕದ ಎತ್ತರ ಅದರ ಶೇಕಡಾ 30, ರಿಮ್ 19 ಇಂಚು. ಅದಕ್ಕೆ ಹೊಂದುವ ರಿಮ್ 10.5ರಿಂದ 11.5 ಇಂಚು. ಮುಂದಕ್ಕೆ 265/35 ಆರ್ 19 ಆರಿಸಿದೆ. ಇದಕ್ಕೆ ಕಾರಣ ಇದೆ. ಕಂಪನಿ ಟೈರುಗಳ ಎತ್ತರ ಲೆಕ್ಕ ಹಾಕಿದರೆ ಮುಂದಿನದು ಸುಮಾರು 678.6 ಮಿ.ಮೀ., ಹಿಂದಿನದು 675.1. ನಡುವೆ 3.5ರ ವ್ಯತ್ಯಾಸ. ನನ್ನ ಹೊಸ ಜೋಡಿಯಲ್ಲಿ ಮುಂದೆ 668.1, ಹಿಂದೆ 665.6. ವ್ಯತ್ಯಾಸ 2.5. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಕಂಪ್ಯೂಟರ್ ನಾಲ್ಕೂ ಚಕ್ರದ ವೇಗವನ್ನು ಹೋಲಿಸಿ ನೋಡುತ್ತಲೇ ಇರುತ್ತದೆ. ಮುಂದಿನ ಹಿಂದಿನ ಟೈರುಗಳ ಎತ್ತರದ ಹೊಂದಿಕೆ ತಪ್ಪಿದರೆ ಅದಕ್ಕೆ ಚಕ್ರ ಜಾರುತ್ತಿದೆ ಅಂತ ಅನ್ನಿಸಬಹುದು. ಅಗಲವನ್ನಷ್ಟೇ ನೋಡಿ ಟೈರ್ ಕೊಳ್ಳುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಟೈರ್ ಗೊತ್ತಾಯಿತು. ಈಗ ಜಾಗ ಅಳೆಯಬೇಕು. ಕಾರನ್ನು ನೆಲಕ್ಕೆ ಇಳಿಸಿ, ಗಾರೆ ಕೆಲಸದವರು ಗೋಡೆ ನೇರ ನೋಡಲು ಇಳಿಬಿಡುವ ತೂಕದ ಗುಂಡನ್ನು ಫ್ಲೇರಿನ ಅಂಚಿನಿಂದ ಇಳಿಬಿಟ್ಟೆ. ದಾರದಿಂದ ಹಬ್ ಮುಖದವರೆಗೆ ಹಿಂದೆ 168 ಮಿ.ಮೀ., ಮುಂದೆ 130. ಎರಡೂ ಕಡೆ ಅಳೆಯಿರಿ. ನಮ್ಮ ಕಾರಿನಲ್ಲಿ ಎಡಕ್ಕೂ ಬಲಕ್ಕೂ 4 ಮಿ.ಮೀ. ವ್ಯತ್ಯಾಸ ಇತ್ತು. ಫೈಬರ್ ಕೆಲಸದಲ್ಲಿ ಅದು ಸಹಜ. ಯಾವ ಕಡೆ ಕಡಿಮೆ ಇದೆಯೋ ಅದನ್ನೇ ಲೆಕ್ಕಕ್ಕೆ ಹಿಡಿದೆ.

ಆದರೆ ನಿಂತ ಕಾರಿನ ಅಳತೆ ನಂಬಿ ಒಮ್ಮೆ ಟೈರ್ ಕಳೆದುಕೊಂಡಿದ್ದೆವು. ಈ ಸಲ ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಹಿಂದಿನ ಸ್ಪ್ರಿಂಗ್ ಬಿಚ್ಚಿಟ್ಟೆವು. ಈ ಕಾರಿನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ, ಹಾಗಾಗಿ ಕೆಲಸ ಸುಲಭ. ಹಳೆಯ ವೀಲನ್ನು ಸ್ಪೇಸರ್ ಸಮೇತ ಮತ್ತೆ ಹಾಕಿದೆ. ಅದರ ಹೊರ ಅಂಚು ಹೊಸ ವೀಲ್ ಬರುವ ಜಾಗಕ್ಕೆ ಹೆಚ್ಚು ಕಡಿಮೆ ಸರಿಹೋಗುತ್ತಿತ್ತು. ಮಡ್‌ಗಾರ್ಡಿನ ಒಳಗೆಲ್ಲ ಜೇಡಿಮಣ್ಣಿನ ಉಂಡೆ ಅಂಟಿಸಿದೆ. ಗಣೇಶ ಮಾಡುವವರ ಹತ್ತಿರ ತಂದ, ಚೆನ್ನಾಗಿ ಹದ ಮಾಡಿದ ಮಣ್ಣು. ಆಮೇಲೆ ಜಾಕ್ ಇಟ್ಟು ಚಕ್ರವನ್ನು ಮೆಲ್ಲಗೆ ಎತ್ತುತ್ತಾ ಹೋದೆವು. ಚಕ್ರ ಮೇಲೇಳುವುದಕ್ಕೆ ಕೊನೆಯ ತಡೆಯಾದ ಬಂಪ್ ಸ್ಟಾಪ್ ರಬ್ಬರ್ ಪೂರ್ತಿ ಒತ್ತಿಕೊಂಡು ಕಾರೇ ಸ್ಟ್ಯಾಂಡಿನಿಂದ ಏಳಲು ಶುರುವಾದಾಗ ನಿಲ್ಲಿಸಿದೆವು. ಇಳಿಸಿ ನೋಡಿದರೆ ಮಣ್ಣು ಎಲ್ಲವನ್ನೂ ಹೇಳಿತು. ಎಲ್ಲಿ ಚಪ್ಪಟೆಯಾಗಿದೆ, ಎಷ್ಟು ದಪ್ಪ ಉಳಿದಿದೆ, ಎಲ್ಲ ಸ್ಪಷ್ಟ. ಕಡಿಮೆ ಅಂದರೆ 9 ಮಿ.ಮೀ. ಉಳಿದಿತ್ತು. ಟೈರ್ ಮೇಲೇಳುವಾಗ ಅದರ ತಲೆ ಸ್ವಲ್ಪ ಒಳಕ್ಕೆ ವಾಲುವುದನ್ನೂ ಅವತ್ತೇ ಕಣ್ಣಾರೆ ನೋಡಿದೆ. ಅದಕ್ಕೇ ಗುಂಡಿನ ಅಳತೆಯಲ್ಲಿ ತೀರಾ ಬಿಗಿ ಅನ್ನಿಸಿದ್ದು ಮೇಲೆ ಹೋದಾಗ ಸಡಿಲವಾಗುತ್ತದೆ.

ಕೊನೆಗೆ ಹಿಂದಕ್ಕೆ 11 ಇಂಚು, ಈಟಿ 0 ಅಂತ ತೀರ್ಮಾನ ಮಾಡಿದೆ. ಹೊರಗೆ 139.7, ಒಳಗೂ 139.7. ಸ್ಪೇಸರ್ ಹಾಕಿದ್ದಾಗಿನ ಹೊರ ಅಂಚಿಗೂ ಇದಕ್ಕೂ 3 ಮಿ.ಮೀ. ಕೂಡ ವ್ಯತ್ಯಾಸ ಇಲ್ಲ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಒಳಗೆ ಮಾತ್ರ 23 ಮಿ.ಮೀ. ಜಾಸ್ತಿ ರಿಮ್, ಅದರ ಮೇಲೆ ಅಗಲದ ಟೈರ್. ಭಾವನಿಗೆ ಇನ್ನೂ 10 ಮಿ.ಮೀ. ಹೊರಗೆ ಬರಲಿ ಅನ್ನುವ ಆಸೆ ಇತ್ತು. "ಫ್ಲೇರಿಗೆ ಸಮವಾಗಿ ನಿಂತರೆ ಎಷ್ಟು ಲಕ್ಷಣ ಕಣೋ" ಅಂದರು. "ಭಾವ, ನೀವು ಓಡಿಸೋರು. ಟೈರ್ ಫ್ಲೇರಿಗೆ ತಾಗಿದರೆ ಬೋಲ್ಟ್ ಸಮೇತ ಕಿತ್ತು ಬರುತ್ತೆ" ಅಂದೆ. ಟೈರಿನ ಉಬ್ಬು ಕಳೆದು 15 ಮಿ.ಮೀ. ಉಳಿಸಿಕೊಂಡದ್ದಕ್ಕೆ ನನಗೆ ಸ್ವಲ್ಪವೂ ಬೇಸರ ಇಲ್ಲ.

ಮುಂದಿನ ಚಕ್ರಗಳದು ಬೇರೆ ವಿಷಯ. ಮುಂದೆ ಚಕ್ರ ಮೇಲೆ ಕೆಳಗೆ ಹೋಗುವುದರ ಜೊತೆಗೆ ತಿರುಗುತ್ತದೆ ಕೂಡ. ಹೊರಗೆ ಬಂದಷ್ಟೂ ತಿರುಗುವಾಗ ದೊಡ್ಡ ಸುತ್ತು ಹಾಕುತ್ತದೆ. ಬ್ರೇಕ್ ಹಿಡಿದಾಗ ಸ್ಟೀರಿಂಗ್ ಎಳೆಯುವುದೂ ಜಾಸ್ತಿಯಾಗುತ್ತದೆ. ಕಂಪನಿಯದು 9 ಇಂಚು, ಈಟಿ 47. ನಾನು 10 ಇಂಚು, ಈಟಿ 25 ತೆಗೆದುಕೊಂಡೆ. ಅದಕ್ಕಿಂತ ಹೊರಗೆ ತರಲು ಮನಸ್ಸಾಗಲಿಲ್ಲ.

ಆರ್ಡರ್ ಕೊಡುವ ಮೊದಲು ಬ್ರೇಕ್ ಕ್ಯಾಲಿಪರಿನ (ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಆಕಾರಕ್ಕೆ ರಟ್ಟು ಕತ್ತರಿಸಿದೆ. ಈ ಕಾರಿನ ಸ್ಪೋರ್ಟ್ ಮಾದರಿಯಲ್ಲಿ ಮುಂದೆ ನಾಲ್ಕು ಪಿಸ್ಟನ್‌ನ ಅಕೆಬೋನೋ ಕ್ಯಾಲಿಪರ್ ಇದೆ, ದಪ್ಪ. ರಿಮ್ಮಿನ ವ್ಯಾಸ ಸರಿ ಇದ್ದರೂ ಕಡ್ಡಿಗಳು ಒಳಕ್ಕೆ ಬಾಗಿದ್ದರೆ ಕ್ಯಾಲಿಪರಿಗೆ ತಾಗುತ್ತವೆ. ರಟ್ಟನ್ನು ರಿಮ್ ಮಾರುವವರಿಗೆ ಕಳಿಸಿ, ಅಲ್ಲಿ ರಿಮ್ಮಿನೊಳಗೆ ಹಿಡಿದು ಫೋಟೊ ತೆಗೆಸಿಕೊಂಡ ಮೇಲೇ ಹಣ ಕೊಟ್ಟೆ. ರಿಮ್ ಬಂದ ಮೇಲೆ ಬ್ಯಾಲೆನ್ಸ್ ತೂಕದ ಪಟ್ಟಿಯನ್ನು ಎಲ್ಲಿ ಅಂಟಿಸುತ್ತಾರೆ ಅಂತಲೂ ನೋಡಿಕೊಳ್ಳಿ. ಅದೂ ಕ್ಯಾಲಿಪರಿಗೆ ತಾಗಬಹುದು.

ರಿಮ್ಮಿನ ನಡುವಿನ, ಹಬ್ ತೂರುವ ತೂತು ಕಂಪನಿಯದರಲ್ಲಿ 66.1 ಮಿ.ಮೀ. ಹೊಸ ರಿಮ್ಮಿನದು 73.1. ನಡುವಿನ ಸಂದಿಗೆ ಉಂಗುರ ಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ, ಆದರೆ ಟ್ರ್ಯಾಕ್‌ನಲ್ಲಿ ಬ್ರೇಕ್ ಕಾಯುವ ಬಿಸಿಗೆ ಅದು ಮೆತ್ತಗಾಗುತ್ತದೆ. ಕೆಜಿಎಫ್‌ನಲ್ಲಿ ಬೆಮೆಲ್‌ನಿಂದ ನಿವೃತ್ತರಾದ ಒಬ್ಬ ಟರ್ನರ್ ಇದ್ದಾರೆ, ನಮ್ಮ ತಂದೆಯ ಸ್ನೇಹಿತರು. ಅವರು ಅಲ್ಯೂಮಿನಿಯಂನಲ್ಲಿ ನಾಲ್ಕು ಉಂಗುರ ಕಡೆದುಕೊಟ್ಟರು. ಕೈಯಲ್ಲಿ ಒತ್ತಿದರೆ ಕೂರುತ್ತದೆ, ಅಲ್ಲಾಡಿಸಿದರೆ ಅಲ್ಲಾಡುವುದಿಲ್ಲ. ಅಂಥ ಕೈ ಅವರದು.

ನಟ್ಟುಗಳ ಬಗ್ಗೆ ಒಂದೇ ಮಾತು. ಈ ಕಾರಿನ ಸ್ಟಡ್ (ನಟ್ ಹತ್ತುವ ಬೋಲ್ಟ್) 12 ಮಿ.ಮೀ., ಥ್ರೆಡ್ಡುಗಳ ನಡುವಿನ ಅಂತರ 1.25 ಮಿ.ಮೀ. ನಟ್ ಕನಿಷ್ಠ ಹತ್ತು ಸುತ್ತು ಹತ್ತಬೇಕು. ಬಿಗಿ 108 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲೇ. ಏರ್ ಗನ್ ಹಿಡಿದು ಅಂದಾಜಿಗೆ ಬಿಗಿ ಮಾಡುವುದನ್ನು ನನ್ನ ಅಂಗಡಿಯಲ್ಲಿ ನಾನು ಬಿಡುವುದಿಲ್ಲ.

ಮತ್ತೆ ಇರುಂಗಾಟ್ಟುಕೋಟೆಗೆ ಹೋದೆವು. ಮಡ್‌ಗಾರ್ಡಿನ ಒಳಗೆಲ್ಲ ಸುಣ್ಣ ಬಳಿದಿದ್ದೆ, ತಾಗಿದರೆ ಗುರುತು ಕಾಣಲಿ ಅಂತ. ಐದು ಸುತ್ತು ಆದ ಮೇಲೆ ಭಾವ ಪಿಟ್‌ಗೆ ಬಂದರು. ನಟ್ಟುಗಳನ್ನು ಮತ್ತೆ ಟಾರ್ಕ್ ನೋಡಿದೆ. ಹಿಂದೆ ಎರಡೂ ಕಡೆ ಸುಣ್ಣ ಹಾಗೇ ಇತ್ತು. ಮುಂದಿನ ಬಲಗಡೆ ಮಾತ್ರ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಪ್ಲಾಸ್ಟಿಕ್ ಲೈನರಿಗೆ ಅಂಗೈ ಅಗಲ ತಾಗಿತ್ತು. ಪಿಟ್‌ನಲ್ಲಿ ಕಾರು ತಿರುಗಿಸುವಾಗ ಆದದ್ದು, ಓಟದಲ್ಲಿ ಅಷ್ಟು ತಿರುಗುವುದಿಲ್ಲ. ಹೀಟ್ ಗನ್‌ನಿಂದ ಲೈನರ್ ಕಾಯಿಸಿ, ಒಳಕ್ಕೆ ಒತ್ತಿ, ಒಂದು ಕ್ಲಿಪ್ ಹಾಕಿದೆ. ಮಧ್ಯಾಹ್ನದ ಮೇಲೆ ಭಾವ ಇನ್ನೂ ಹದಿನೆಂಟು ಸುತ್ತು ಓಡಿಸಿದರು.

ಬೇರಿಂಗ್ ಮೇಲೆ ಮಾತ್ರ ನನಗೆ ಈಗಲೂ ಕಣ್ಣಿದೆ. ಚಕ್ರದ ನಡುಗೆರೆ ಹಿಂದೆ 30 ಮಿ.ಮೀ., ಮುಂದೆ 22 ಮಿ.ಮೀ. ಹೊರಗೆ ಬಂದಿದೆ, ಆ ಎಳೆತವನ್ನು ಹೊರುವುದು ಬೇರಿಂಗೇ. ಪ್ರತಿ ಸಲ ಟ್ರ್ಯಾಕ್‌ನಿಂದ ಬಂದ ಮೇಲೆ ಕಾರನ್ನು ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. ಸಡಿಲ ಇದೆಯಾ, ತಿರುಗಿಸಿದಾಗ ಗುಂಯ್ ಅನ್ನುತ್ತಿದೆಯಾ ಅಂತ. ಹೋದ ಸಲ ಹಿಂದಿನ ಎಡಗಡೆ ಸಣ್ಣ ಶಬ್ದ ಕೇಳಿಸಿತು. ಹೊಸ ಬೇರಿಂಗ್‌ಗೆ ಹೇಳಿದ್ದೇನೆ. ಅದು ಬರುವವರೆಗೆ ಕಾರು ಸ್ಟ್ಯಾಂಡ್ ಮೇಲೆಯೇ ಇದೆ.