ಜೀರಿಗೆ ಗಾತ್ರದ ಶಾರ್ಕ್ ಹಲ್ಲು: ಬೇರು ನೋಡಿದ ಮೇಲೆ ಹೆಸರು ಸಿಕ್ಕಿತು

ಆ ಹಲ್ಲನ್ನು ಮೊದಲು ಕಂಡಿದ್ದು ನಾನಲ್ಲ, ಅವ್ವ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹರಡಿದ್ದ ಮರಳನ್ನು ನಾನು ಎರಡು ಸಲ ನೋಡಿ ಏನೂ ಇಲ್ಲ ಅಂತ ಪಕ್ಕಕ್ಕಿಟ್ಟಿದ್ದೆ. ಅವ್ವ ಕನ್ನಡಕ ಹಾಕಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೆರಳಲ್ಲಿ ಸರಿಸುತ್ತಾ ಹೋಗಿ, "ಇದೇನೋ ಮಿಂಚ್ತೈತಲ್ಲೋ, ಜೀರಿಗೆ ಗಾತ್ರದ್ದು" ಅಂದಳು.

ಮಣ್ಣು ನಮ್ಮ ಚಿತ್ರದುರ್ಗದ್ದಲ್ಲ. ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಕಡೆಯದು. ಭಾವ ಆ ಕಡೆಗೆ ಲಾರಿ ಓಡಿಸುತ್ತಾರೆ, ಜಾಗದ ಯಜಮಾನರನ್ನು ಕೇಳಿ ಅರ್ಧ ಚೀಲ ಜೇಡಿಮಣ್ಣು ತಂದುಕೊಟ್ಟರು. ಸುಮಾರು 10 ಕೋಟಿ ವರ್ಷದ ಹಿಂದೆ ಅದು ಸಮುದ್ರದ ತಳದ ಕೆಸರು. ಅಕ್ಕನ ಮಗ "ಮಾಮಾ, ಕೋಟೆ ಗುಡ್ಡದಲ್ಲಿ ಹುಡುಕಿದ್ರೆ ಸಿಗಲ್ವಾ?" ಅಂತ ಕೇಳಿದ. ಸಿಗಲ್ಲ. ಇಲ್ಲೇ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದ ಹಾಗೆ ಇರುವ ಲಾವಾ ಬಂಡೆ ಇದೆಯಲ್ಲ, ಅದು ನೀರಿನಡಿ ಹರಿದು ಗಟ್ಟಿಯಾಗಿದ್ದು, ಅಂದ್ರೆ ಇಲ್ಲೂ ಸಮುದ್ರ ಇತ್ತು. ಆದರೆ ಅದಕ್ಕೆ ಹತ್ತಿರ ಹತ್ತಿರ 250 ಕೋಟಿ ವರ್ಷ. ಶಾರ್ಕ್‌ಗಳು ಬಂದಿದ್ದು ಸುಮಾರು 40 ಕೋಟಿ ವರ್ಷದ ಹಿಂದೆ. ಹಲ್ಲು ಸಿಕ್ಕಾಗ ಮೊದಲು ಕೇಳಬೇಕಾದ್ದು ಇದನ್ನೇ, ಮಣ್ಣು ಎಲ್ಲಿಯದು, ಎಷ್ಟು ಹಳೆಯದು. ಅರ್ಧ ಹೆಸರು ಅಲ್ಲೇ ಸೋಸಿ ಹೋಗುತ್ತೆ.

ತೊಳೆಯೋದು ಸುಲಭ. ಜೇಡಿಮಣ್ಣನ್ನು ಮಾಳಿಗೆ ಮೇಲೆ ಚೆನ್ನಾಗಿ ಒಣಗಿಸಿ, ಆಮೇಲೆ ನೀರಿಗೆ ಹಾಕಿ. ಹಸಿ ಹೆಂಟೆ ಎಷ್ಟು ಹೊತ್ತಾದರೂ ಕರಗಲ್ಲ, ಪೂರ್ತಿ ಒಣಗಿದ್ದು ತಾನೇ ಬಿರಿದು ಪುಡಿಯಾಗುತ್ತೆ. ಸಾಣಿಗೆಯಲ್ಲಿ ಸೋಸಿ, ಕೆಳಗೆ ಟೀ ಜಾಲರಿ ಹಿಡಿದೆ.

ಹಲ್ಲನ್ನು ಚಿಮಟದಲ್ಲಿ ಹಿಡಿಯಬೇಡಿ, ಚಿಮ್ಮಿ ಹೋದರೆ ಮತ್ತೆ ಸಿಗಲ್ಲ. ಒದ್ದೆ ಬ್ರಷ್ಷಿನ ತುದಿಗೆ ಅಂಟಿಸಿ ಎತ್ತಿ. ನಾನು ಗ್ರಾಫ್ ಹಾಳೆ ಮೇಲೆ ಇಟ್ಟು ಅಳೆದೆ, 4 ಮಿಲಿಮೀಟರ್. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಮಸೂರವನ್ನೇ ಫೋನಿನ ಕ್ಯಾಮೆರಾಗೆ ಒತ್ತಿ ಹಿಡಿದು, ಟಾರ್ಚ್ ಬೆಳಕು ಪಕ್ಕದಿಂದ ಬಿಟ್ಟು ಫೋಟೋ ತೆಗೆದೆ. ಬೆಳಕು ನೇರ ಬಿದ್ದರೆ ಬರೀ ಹೊಳಪು ಬರುತ್ತೆ, ಅಂಚು ಕಾಣಲ್ಲ.

ನೋಡಿದ ತಕ್ಷಣ ಸ್ಕ್ವಾಲಿಕೊರಾಕ್ಸ್ ಎಂಬ ಹಳೆಯ ಕಾಲದ ಶಾರ್ಕಿನದು ಅಂತ ತೀರ್ಮಾನ ಮಾಡಿಬಿಟ್ಟೆ. ಒಂದು ಅಂಚು ಗರಗಸದ ಹಾಗೆ ಕಂಡಿತ್ತು, ಆ ಶಾರ್ಕಿನ ಹಲ್ಲಿಗೆ ಗರಗಸದ ಅಂಚು ಇರುತ್ತೆ ಅಂತ ಓದಿದ್ದೆ. ಪರಿಚಯದ ಜಿಯಾಲಜಿ ಮೇಷ್ಟ್ರಿಗೆ ಖುಷಿಯಿಂದ ಫೋಟೋ ಕಳಿಸಿದೆ. ಅವರು ಫೋನ್ ಮಾಡಿ, "ಹೆಸರು ಆಮೇಲೆ ನೋಡೋಣ, ಮೊದ್ಲು ಬೇರು ತೋರ್ಸಿ" ಅಂದರು.

ನಾನು ಬೇರಿನ ಕಡೆ ನೋಡಿರಲೇ ಇಲ್ಲ. ಆ ಸಂಜೆ ಒಂದು ಗಂಟೆ ಅದನ್ನೇ ನೋಡುತ್ತಾ ಕೂತೆ. ಕಿರೀಟ, ಅಂದ್ರೆ ಹಲ್ಲಿನ ಮೊನೆ ಇರುವ ಭಾಗ, ಗಾಜಿನಂತೆ ನುಣುಪು, ಬೇರು ಮಾತ್ರ ರಸ್ಕಿನ ಹಾಗೆ ಸಣ್ಣ ಸಣ್ಣ ರಂಧ್ರ. ಒಂದು ಮುಖ ಚಪ್ಪಟೆ, ಅದು ತುಟಿ ಕಡೆಯದು. ಇನ್ನೊಂದು ಉಬ್ಬು, ನಾಲಿಗೆ ಕಡೆಯದು. ನಾಲಿಗೆ ಕಡೆ ತಿರುಗಿಸಿದರೆ ಬೇರು ಎರಡು ಕವಲಾಗಿದೆ, ನಡುವೆ ಉದ್ದಕ್ಕೆ ಸೀಳಿದ ತೋಡು ಇಲ್ಲ, ಸೂಜಿ ಮೊನೆಯಷ್ಟು ತೂತುಗಳಷ್ಟೇ. ಮುಖ್ಯ ಮೊನೆಯ ಒಂದು ಪಕ್ಕ ಅಗಲವಾದ ಪುಟ್ಟ ತ್ರಿಕೋನ, ಇನ್ನೊಂದು ಪಕ್ಕ ಅದು ಮುರಿದ ಗುರುತು. ಸ್ಕ್ವಾಲಿಕೊರಾಕ್ಸಿಗೆ ಈ ಪಕ್ಕದ ಮೊನೆ ಇರಲ್ಲ. ನಾನು ಗರಗಸ ಅಂದುಕೊಂಡಿದ್ದೂ ಬರೀ ಚಕ್ಕೆ ಎದ್ದ ಅಂಚು. ನಿಜವಾದ ಗರಗಸ ಆಗಿದ್ರೆ ಹಲ್ಲುಗಳು ಸಾಲಾಗಿ, ಸಮನಾಗಿ ಇರಬೇಕಿತ್ತು, ಅಲ್ವಾ?

ಇಷ್ಟೂ ಸೇರಿಸಿ ಬರೆದು ಕಳಿಸಿದ ಮೇಲೆ ಮೇಷ್ಟ್ರು ಒಪ್ಪಿದರು: ಇದು ಕ್ರೆಟಲಾಮ್ನಾ, ಅದೂ ಒಂದು ಹಳೆಯ ಕಾಲದ ಶಾರ್ಕ್. ಮುಂದೆ ಮೆಗಲೊಡಾನ್ ಎಂಬ ದೈತ್ಯ ಶಾರ್ಕ್ ಬಂದಿದ್ದು ಇದೇ ವಂಶದಲ್ಲಿ ಅಂತಾರೆ. ಫೋನ್ ಇಟ್ಟು ಮತ್ತೆ ಮಸೂರ ಹಿಡಿದು ನೋಡಿದೆ, ನನಗೆ ನಿದ್ದೆ ಬರಲಿಲ್ಲ ಆ ರಾತ್ರಿ.

ಎರಡನೇ ಹಲ್ಲನ್ನು ಹಾಳು ಮಾಡಿದ್ದು ಇನ್ನೂ ಸಂಕಟ. ಸುಣ್ಣದ ಗಂಟು ಅಂಟಿತ್ತು ಅಂತ ರಾತ್ರಿಯೆಲ್ಲ ವಿನೆಗರಿನಲ್ಲಿ ಬಿಟ್ಟೆ, ಬೆಳಿಗ್ಗೆ ಬೇರು ಮುಟ್ಟಿದರೆ ಹಿಟ್ಟು. ಬೇರು ರಂಧ್ರಮಯ, ಹುಳಿ ಬೇಗ ಒಳಗಿಳಿದುಬಿಡುತ್ತೆ. ನೀವು ಹುಳಿ ಮುಟ್ಟಲೇಬೇಡಿ, ಸೂಜಿಯಲ್ಲಿ ನಿಧಾನ ಬಿಡಿಸಿ, ಆಗದಿದ್ರೆ ಗಂಟಿನ ಸಮೇತ ಇಟ್ಟುಕೊಳ್ಳಿ.

ಅವ್ವ ಹುಡುಕಿದ್ದು ಈಗ ಒಂದು ಮಾತ್ರೆ ಡಬ್ಬಿಯಲ್ಲಿ ಹತ್ತಿಯ ಮೇಲಿದೆ. ಚೀಟಿಯಲ್ಲಿ ಊರು, ಮಣ್ಣು ತಂದ ದಿನ, ಅಳತೆ, ಕ್ರೆಟಲಾಮ್ನಾ ಅಂತ ಬರೆದಿದ್ದೇನೆ. ಕ್ರೆಟಲಾಮ್ನಾ ಕುಲದ ಹೆಸರು, ಅದರಲ್ಲಿ ಯಾವ ಪ್ರಭೇದ ಅನ್ನೋ ಜಾಗ ಖಾಲಿ ಬಿಟ್ಟಿದ್ದೇನೆ. ಒಂದೇ ಶಾರ್ಕಿನ ದವಡೆಯಲ್ಲಿ ಮುಂದಿನ ಹಲ್ಲು ಒಂದು ಥರ, ಮೂಲೆಯದು ಇನ್ನೊಂದು ಥರ ಇರುತ್ತೆ. ಇದು ಮೂಲೆಯದೋ, ಮರಿಯದೋ ಅಂತ ಹೇಳೋಕೆ ಒಂದು ಹಲ್ಲು ಸಾಲದು.