ವಿಟಿಯು ಸಬ್ಜೆಕ್ಟ್ ಕೋಡ್ ಓದುವುದು, ಕ್ರೆಡಿಟ್ ಲೆಕ್ಕ ಹಾಕುವುದು ಹೇಗೆ?

ನನ್ನ ತಂಗಿಯ ಮಗ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಇಂಜಿನಿಯರಿಂಗ್ ಮೂರನೇ ಸೆಮ್‌ನಲ್ಲಿದ್ದಾಗ ಜೆರಾಕ್ಸ್ ಅಂಗಡಿಯಿಂದ ಡೇಟಾ ಸ್ಟ್ರಕ್ಚರ್ಸ್ ನೋಟ್ಸ್ ತಂದ. ಪರೀಕ್ಷೆಗೆ ಹತ್ತೇ ದಿನ ಇತ್ತು. ನಾಲ್ಕು ದಿನ ಕೂತು ಓದಿದ ಮೇಲೆ ನಾನು ಆ ಪುಸ್ತಕದ ಮೊದಲ ಪುಟ ನೋಡಿದೆ. 18ಸಿಎಸ್32 ಎಂದು ದಪ್ಪ ಅಕ್ಷರದಲ್ಲಿತ್ತು. ಅವನ ಹಾಲ್ ಟಿಕೆಟ್‌ನಲ್ಲಿದ್ದದ್ದು ಬಿಸಿಎಸ್304. ‘ಹೆಸರು ಒಂದೇ ಇದೆಯಲ್ಲ ದೊಡ್ಡಮ್ಮಾ’ ಅಂದ. ಹೆಸರು ಒಂದೇ, ಸ್ಕೀಮ್ (ಆಯಾ ವರ್ಷ ಜಾರಿಗೆ ಬಂದ ಪಠ್ಯಕ್ರಮ) ಬೇರೆ. ಈ ತಪ್ಪು ಪ್ರತಿ ವರ್ಷ ಯಾರಾದರೂ ಮಾಡುವುದನ್ನು ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಸ್ಕೀಮ್ ಯಾವುದು ತಿಳಿದುಕೊಳ್ಳಿ. ಮೊದಲ ವರ್ಷಕ್ಕೆ ಸೇರಿದಾಗ ಯಾವ ಸ್ಕೀಮ್ ನಡೆಯುತ್ತಿತ್ತು ಎಂದು ನೋಡಿದರೆ ಸಾಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು ಮಾತ್ರ ಒಂದು ವರ್ಷ ಹಿಂದಕ್ಕೆ ಎಣಿಸಬೇಕು, 2023ರಲ್ಲಿ ಹಾಗೆ ಬಂದವರದ್ದು 2022ರ ಸ್ಕೀಮ್. ಕಾಲೇಜು ಸ್ವಾಯತ್ತವಾಗಿದ್ದರೆ ಅವರದ್ದೇ ಕೋಡ್ ಇರುತ್ತದೆ, ಅಲ್ಲಿನ ಕೈಪಿಡಿಯನ್ನೇ ನೋಡಬೇಕು.

ಈಗ ಕೋಡ್ ಬಿಡಿಸೋಣ. 18ಸಿಎಸ್32ರಲ್ಲಿ 18 ಅಂದರೆ 2018ರ ಸ್ಕೀಮ್. ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್. ಕೊನೆಯ 32 ಮೂವತ್ತೆರಡಲ್ಲ. ಮೂರು ಅಂದರೆ ಮೂರನೇ ಸೆಮ್, ಎರಡು ಅಂದರೆ ಆ ಸೆಮ್‌ನ ಎರಡನೇ ಸಬ್ಜೆಕ್ಟ್. ನಡುವೆ ಎಲ್ ಬಂದರೆ ಲ್ಯಾಬ್. 18ಸಿಎಸ್‌ಎಲ್38 ಅದೇ ಡೇಟಾ ಸ್ಟ್ರಕ್ಚರ್ಸ್‌ನ ಲ್ಯಾಬ್. 2021ರಲ್ಲಿ ಈ ಸಬ್ಜೆಕ್ಟು 21ಸಿಎಸ್32 ಆಯಿತು, ಲ್ಯಾಬ್ ಅದರೊಳಗೇ ಸೇರಿತು. 2022ರ ಸ್ಕೀಮಿನಲ್ಲಿ ವರ್ಷದ ಅಂಕಿ ಹೋಗಿ ಎದುರಿಗೆ ‘ಬಿ’ ಬಂತು. ಥಿಯರಿ ಬಿಸಿಎಸ್304, ಲ್ಯಾಬ್ ಬಿಸಿಎಸ್‌ಎಲ್305, ಮತ್ತೆ ಬೇರೆ ಬೇರೆ. ಗೊಂದಲ ಜಾಸ್ತಿಯಾಗುವುದು ಇಲ್ಲೇ. 18, 21 ಎಂದು ಕಂಡರೆ ಯಾರಾದರೂ ಹಿಡಿಯುತ್ತಾರೆ, ‘ಬಿ’ ಕಂಡರೆ ಅದು ಯಾವ ಸ್ಕೀಮ್ ಎಂದು ತಟ್ಟನೆ ಹೊಳೆಯುವುದಿಲ್ಲ.

ಕೋಡ್ ಕೊನೆಗೆ ಎ, ಬಿ, ಸಿ ಅಕ್ಷರ ಇದ್ದರೆ, ಬಿಸಿಎಸ್306ಎ ಇದ್ದ ಹಾಗೆ, ಅದು ಆಯ್ಕೆಯ ಗುಂಪಿನಲ್ಲಿ ಒಂದು. 2022ರ ಸ್ಕೀಮಿನ ಮೊದಲ ವರ್ಷದ ಬಿಎಂಎಟಿಎಸ್101ರಲ್ಲಿ ಎಸ್ ಅಂದರೆ ಕಂಪ್ಯೂಟರ್ ಗುಂಪಿನವರ ಗಣಿತ. ಸಿವಿಲ್‌ನವರದ್ದು ಬಿಎಂಎಟಿಸಿ101. ಒಂದೇ ಅಕ್ಷರದ ವ್ಯತ್ಯಾಸ, ಪುಸ್ತಕವೇ ಬೇರೆ. ‘ಎಲ್ಲಾ ಸ್ಕೀಮಿಗೂ ಆಗುತ್ತೆ’ ಎಂದು ಮಾರುವ ಗೈಡುಗಳನ್ನು ದಯವಿಟ್ಟು ಕೊಳ್ಳಬೇಡಿ. ಅಂಥ ಗೈಡಿನಲ್ಲಿ ನಿಮ್ಮ ಸಿಲಬಸ್‌ನ ಒಂದು ಮಾಡ್ಯೂಲೇ ಕಾಣೆಯಾಗಿರುವುದನ್ನು ನಾನೇ ನೋಡಿದ್ದೇನೆ.

ಇನ್ನು ಕ್ರೆಡಿಟ್, ಅಂದರೆ ಒಂದೊಂದು ಸಬ್ಜೆಕ್ಟಿಗೂ ಕೊಟ್ಟಿರುವ ತೂಕ. ಸಿಲಬಸ್‌ನಲ್ಲಿ ಸಬ್ಜೆಕ್ಟ್ ಹೆಸರಿನ ಹತ್ತಿರ 3:2:0 ಅಥವಾ 3:0:2 ಎಂದಿರುತ್ತದೆ. ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಟ್ಯುಟೋರಿಯಲ್, ಎಷ್ಟು ಗಂಟೆ ಲ್ಯಾಬ್ ಎಂಬ ಲೆಕ್ಕ ಅದು. ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್. ಟ್ಯುಟೋರಿಯಲ್ ಆಗಲಿ ಲ್ಯಾಬ್ ಆಗಲಿ, ಎರಡು ಗಂಟೆಗೆ ಒಂದು. ಹಾಗಾಗಿ 3:2:0 ಕೂಡ ನಾಲ್ಕು, 3:0:2 ಕೂಡ ನಾಲ್ಕು. ಮೂರು, ಎರಡನ್ನು ಕೂಡಿ ಐದು ಕ್ರೆಡಿಟ್ ಎನ್ನುವವರು ಇಲ್ಲೇ ಎಡವುತ್ತಾರೆ. 2022ರ ಸ್ಕೀಮಿನಲ್ಲಿ ಬಿ.ಇ. ಪದವಿಗೆ ಒಟ್ಟು 160 ಕ್ರೆಡಿಟ್ ಬೇಕು. 2018ರದ್ದರಲ್ಲಿ 175 ಇತ್ತು. ಅಣ್ಣನ ಲೆಕ್ಕ ತಮ್ಮನಿಗೆ ಆಗದಿರುವುದು ಇದಕ್ಕೇ.

ಈಗ ಬಹಳ ಮಂದಿ ತಪ್ಪು ಮಾಡುವ ಕಡೆಗೆ ಬರೋಣ: ಒಂದು ಸೆಮ್ಮಿನ ಗ್ರೇಡ್ ಪಾಯಿಂಟುಗಳ ಸರಾಸರಿಯಾದ ಎಸ್‌ಜಿಪಿಎ. ಗ್ರೇಡ್ ಪಾಯಿಂಟುಗಳನ್ನು ಕೂಡಿ ಸಬ್ಜೆಕ್ಟ್ ಸಂಖ್ಯೆಯಿಂದ ಭಾಗಿಸಿಬಿಡುತ್ತಾರೆ. ಹಾಗಲ್ಲ. ಎರಡೇ ಸಬ್ಜೆಕ್ಟ್ ಇಟ್ಟುಕೊಂಡು ನೋಡಿ. ನಾಲ್ಕು ಕ್ರೆಡಿಟ್‌ನ ಥಿಯರಿಯಲ್ಲಿ 57 ಬಂತು, ಬಿ ಗ್ರೇಡ್, 6 ಪಾಯಿಂಟ್. ಒಂದು ಕ್ರೆಡಿಟ್‌ನ ಲ್ಯಾಬ್‌ನಲ್ಲಿ 94, ಓ ಗ್ರೇಡ್, 10 ಪಾಯಿಂಟ್. ಸುಮ್ನೆ ಸರಾಸರಿ ತೆಗೆದರೆ 8. ಖುಷಿಯಾಗುತ್ತದೆ. ಆದರೆ ಸರಿಯಾದ ಲೆಕ್ಕ ಹೀಗೆ: ಪ್ರತಿ ಸಬ್ಜೆಕ್ಟಿನ ಕ್ರೆಡಿಟ್ಟನ್ನು ಅದರ ಪಾಯಿಂಟಿನಿಂದ ಗುಣಿಸಿ. 4×6 ಅಂದರೆ 24. 1×10 ಅಂದರೆ 10. ಒಟ್ಟು 34. ಅದನ್ನು ಒಟ್ಟು ಕ್ರೆಡಿಟ್ 5ರಿಂದ ಭಾಗಿಸಿ. 6.8 ಬರುತ್ತದೆ. ಲ್ಯಾಬ್‌ನ ಓ ಗ್ರೇಡ್ ಎಷ್ಟು ಚಂದ ಕಂಡರೂ ಥಿಯರಿಯ ನಾಲ್ಕು ಕ್ರೆಡಿಟ್ ಎಳೆದಷ್ಟು ಅದು ಎತ್ತಲಾರದು. ಆದ್ದರಿಂದ ಓದುವ ಸಮಯವನ್ನು ಕ್ರೆಡಿಟ್ ನೋಡಿ ಹಂಚಿ. ಲ್ಯಾಬ್ ರೆಕಾರ್ಡ್‌ಗೆ ಬಣ್ಣದ ಪೆನ್ನಲ್ಲಿ ಗೆರೆ ಎಳೆಯುತ್ತಾ ಇಡೀ ಭಾನುವಾರ ಕಳೆಯುವ ಮಕ್ಕಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಫೋನಿನ ಎಸ್‌ಜಿಪಿಎ ಆ್ಯಪ್‌ಗಳನ್ನು ನಂಬುವ ಮೊದಲು ಒಂದು ಸೆಮ್ ಆದರೂ ಕೈಯಲ್ಲಿ ಲೆಕ್ಕ ಹಾಕಿ. ಹಳೇ ಸ್ಕೀಮಿನ ಕ್ರೆಡಿಟ್ ತುಂಬಿಟ್ಟ ಆ್ಯಪ್ ತಪ್ಪು ಉತ್ತರವನ್ನೂ ಎರಡು ದಶಾಂಶದವರೆಗೆ ನೀಟಾಗಿ ತೋರಿಸುತ್ತದೆ.

ಸೊನ್ನೆ ಕ್ರೆಡಿಟ್‌ನವನ್ನು ಮರೆಯಬೇಡಿ. ಬಿಎನ್‌ಎಸ್‌ಕೆ359 ಎನ್‌ಎಸ್‌ಎಸ್, ಬಿವೈಒಕೆ359 ಯೋಗ. ಎಸ್‌ಜಿಪಿಎಗೆ ಇವುಗಳಿಂದ ಏನೂ ಸೇರುವುದಿಲ್ಲ. ಆದರೆ ಇಂಥವುಗಳಲ್ಲಿ ಆಯ್ದುಕೊಂಡದ್ದನ್ನು ಮುಗಿಸದಿದ್ದರೆ ಪದವಿ ಸಿಗುವುದಿಲ್ಲ. ‘ಸೊನ್ನೆ ತಾನೇ’ ಎಂದು ಬಿಟ್ಟವರು ಕೊನೆಯ ಸೆಮ್‌ನಲ್ಲಿ ಆಫೀಸಿಗೆ ಅಲೆಯುತ್ತಾರೆ.

ಸೆಮ್ ಶುರುವಾದ ದಿನವೇ ವಿಟಿಯು ವೆಬ್‌ಸೈಟಿನಿಂದ ನಿಮ್ಮ ಬ್ರಾಂಚಿನ ಸ್ಕೀಮ್ ಪುಟ ಪ್ರಿಂಟ್ ತೆಗೆಸಿ. ಕೋಡ್, ಗಂಟೆ, ಕ್ರೆಡಿಟ್ ಮೂರಕ್ಕೂ ಕೆಂಪು ಪೆನ್ನಲ್ಲಿ ಗುರುತು ಹಾಕಿ ಓದುವ ಮೇಜಿನ ಮುಂದೆ ಅಂಟಿಸಿ. ನಮ್ಮ ಹುಡುಗ ಈಗ ಜೆರಾಕ್ಸ್ ಅಂಗಡಿಗೆ ಹೋದರೆ ಮೊದಲು ಕೋಡ್ ಹೇಳುತ್ತಾನೆ, ಆಮೇಲೆ ಸಬ್ಜೆಕ್ಟ್.